ನಾಯಿ ಕೇಳಿದ ಅರವತ್ತೊಂದು ಮನೆಗಳು

ಆಟದ ಪೆಟ್ಟಿಗೆ ತಯಾರಿಸುವ ಆ ಕಂಪನಿಯಲ್ಲಿ ಎಲ್ಲರೂ ಅವಳನ್ನು ಕಾಯಿಯಕ್ಕ ಎಂದೇ ಕರೆಯುತ್ತಿದ್ದರು. ಜನ ಕಳೆದುಕೊಂಡ ಆಟದ ಕಾಯಿಗಳನ್ನು ಮತ್ತೆ ಕಳಿಸಿಕೊಡುವ ಮೇಜು ಅವಳದು. ಪ್ರತಿ ಪೆಟ್ಟಿಗೆಯ ತಳದಲ್ಲೂ ಒಂದು ಚೀಟಿ ಇರುತ್ತಿತ್ತು. ಯಾವ ಕಾಯಿ ಕಳೆದಿದೆ, ಪೆಟ್ಟಿಗೆ ಕೊಂಡದ್ದು ಯಾವಾಗ, ವಿಳಾಸ ಏನು ಎಂದು ತುಂಬಿ ಅಂಚೆಗೆ ಹಾಕಿದರೆ ವಾರದೊಳಗೆ ಕಾಯಿ ಮನೆಬಾಗಿಲಿಗೆ ಬರುತ್ತಿತ್ತು. ಇಪ್ಪತ್ತೆರಡು ವರ್ಷಗಳಿಂದ ಅವಳು ಮಾಡಿದ್ದು ಇಷ್ಟೇ. ಇಷ್ಟೇನಾ ಎಂದು ಮೂಗು ಮುರಿಯುವವರು ಒಂದು ದಿನ ಅವಳ ಪಕ್ಕ ಕೂತು ನೋಡಬೇಕು. ದಾಳ ಸೋಫಾದ ಸಂದಿಗೆ ಬೀಳುತ್ತದೆ, ಕೆಂಪು ಕಾಯಿ ಪೊರಕೆಯ ಪಾಲಾಗುತ್ತದೆ, ಹಳದಿಯದನ್ನು ಕೂಸು ಬಾಯಿಗಿಟ್ಟುಕೊಳ್ಳುತ್ತದೆ. ಚೀಟಿ ನೋಡಿದರೆ ಸಾಕು, ಆ ಮನೆಯಲ್ಲಿ ಎಷ್ಟು ಮಕ್ಕಳು ಎಂದು ಅವಳು ಹೇಳಿಬಿಡುತ್ತಿದ್ದಳು.

ಅವಳಿಗೆ ಮಾತ್ರ ಗೊತ್ತಿದ್ದ ಇನ್ನೊಂದು ಸಂಗತಿಯಿತ್ತು. ಹೊಸ ಪೆಟ್ಟಿಗೆಯಿಂದ ಮೊದಲ ಕಾಯಿ ಕಳೆಯಲು ಹೆಚ್ಚುಕಡಿಮೆ ಎಂಟು ತಿಂಗಳು ಬೇಕು. ಆಡದವರ ಮನೆಯಲ್ಲಿ ಕಾಯಿ ಕಳೆಯುವುದೇ ಇಲ್ಲ. ಅಲ್ಲಿ ಪೆಟ್ಟಿಗೆ ಕಪಾಟಿನ ಮೇಲೆ ಧೂಳು ತಿನ್ನುತ್ತಾ ಕೂತಿರುತ್ತದೆ.

ಕಂಪನಿಯ ಹಳೆಯ ಆಟ ‘ಬಂದರು’. ನಾಲ್ಕು ಬಣ್ಣದ ಮರದ ದೋಣಿಗಳನ್ನು ಬಿರುಗಾಳಿ ತಪ್ಪಿಸಿ ದಡ ಸೇರಿಸುವ ಆಟ. ಅವಳ ಮೇಜಿಗೆ ಬರುವ ಚೀಟಿಗಳಲ್ಲಿ ಮುಕ್ಕಾಲು ಪಾಲು ಅದರವೇ. ಆ ಆಟವನ್ನಿಟ್ಟುಕೊಂಡು ಯಾರೋ ಒಂದು ಸಿನಿಮಾ ಮಾಡಿದರು. ಸಿನಿಮಾ ಓಡಿತು. ಅದರ ಜೊತೆ ಪೆಟ್ಟಿಗೆಗಳೂ ಓಡಿದವು, ಹತ್ತು ವಾರ ಮೂರು ಪಟ್ಟು ಮಾರಾಟ. ಹನ್ನೊಂದನೆಯ ವಾರ ಯಾರೋ ನಲ್ಲಿ ತಿರುಗಿಸಿದ ಹಾಗೆ ಎಲ್ಲ ನಿಂತಿತು.

ತಂದೆಯ ಕುರ್ಚಿಗೆ ಹೊಸದಾಗಿ ಬಂದಿದ್ದ ಚಿಕ್ಕ ಮಾಲೀಕರು ಅವಳನ್ನು ಕರೆಸಿದರು. ಒಳ್ಳೆಯ ಮನುಷ್ಯ, ಆದರೆ ತಾಳ್ಮೆ ಎಂಬುದು ಅವರ ಹತ್ತಿರ ಸುಳಿದಿರಲಿಲ್ಲ.

“ಅಕ್ಕ, ಜನ ಪೋಸ್ಟರ್ ತಗೊಂಡ ಹಾಗೆ ಪೆಟ್ಟಿಗೆ ತಗೊಂಡಿದಾರೆ, ಆಡೋದಕ್ಕಲ್ಲ. ಈಗ ಅಂಗಡಿಯವರು ಫೋನೇ ಎತ್ತಲ್ಲ. ‘ಬಂದರು’ ನಿಲ್ಲಿಸಿಬಿಡೋಣ ಅಂತಿದೀನಿ. ಅದು ನಿಂತ್ರೆ ನಿಮ್ಮ ಮೇಜಿಗೆ ಕೆಲಸ ಇರಲ್ಲ. ನೀವು ಪ್ಯಾಕಿಂಗ್‌ಗೆ ಬಂದ್ಬಿಡಿ.”

ಮೇಜು ಕಿತ್ತುಕೊಳ್ಳಬೇಡಿ ಎಂದು ಅವಳು ಬೇಡಬೇಕಿತ್ತು. ಆದರೆ ಬಾಯಿಂದ ಬಂದದ್ದು ಬೇರೆಯೇ ಮಾತು. “ಆಡ್ತಿದಾರೋ ಇಲ್ವೋ ಈಗ್ಲೇ ಹೇಗೆ ಗೊತ್ತಾಗುತ್ತೆ ಸರ್? ಇನ್ನೂ ಕಾಯಿ ಕಳೆಯೋ ಹೊತ್ತೇ ಆಗಿಲ್ವಲ್ಲ!”

ಮಾಲೀಕರು ನಕ್ಕುಬಿಟ್ಟರು. ನಕ್ಕದ್ದಕ್ಕೋ ಏನೋ, ಸಿನಿಮಾ ಬಂದು ವರ್ಷ ತುಂಬುವವರೆಗೆ ಗಡುವು ಕೊಟ್ಟರು. ಅಷ್ಟರಲ್ಲಿ ಸಿನಿಮಾ ನೋಡಿ ಕೊಂಡವರು ಆಡುತ್ತಿದ್ದಾರೆ ಎಂದು ತೋರಿಸಬೇಕು.

ಹೇಗೆ ತೋರಿಸುವುದು? ಕೊಂಡ ದಿನವೇನೋ ಚೀಟಿಯಲ್ಲಿರುತ್ತದೆ, ಆದರೆ ಹಳದಿ ದೋಣಿ ಕಳೆದವರು ಸಿನಿಮಾ ನೋಡಿ ಕೊಂಡವರೋ, ಅದೇ ವಾರ ಸಿನಿಮಾ ನೋಡದೆಯೇ ಕೊಂಡವರೋ, ಚೀಟಿಯ ಹಣೆಯ ಮೇಲೆ ಬರೆದಿರುತ್ತದೆಯೇ? ತಲೆ ಕೆರೆದುಕೊಂಡು ಮೇಜಿಗೆ ಬಂದವಳ ಕಣ್ಣಿಗೆ ಉತ್ತರ ಬರೆಯದೆ ಬಿಟ್ಟಿದ್ದ ಚೀಟಿಗಳ ಕಟ್ಟು ಬಿತ್ತು. ಅವೆಲ್ಲ ಒಂದೇ ದೂರಿನವು: ‘ನಮ್ಮ ಪೆಟ್ಟಿಗೆಯಲ್ಲಿ ಕರಿ ನಾಯಿ ಇಲ್ಲ.’ ‘ಬಂದರು’ ಆಟದಲ್ಲಿ ನಾಯಿ ಎಂದೂ ಇರಲಿಲ್ಲ. ನಾಯಿ ಇದ್ದದ್ದು ಸಿನಿಮಾದಲ್ಲಿ, ದೋಣಿಯ ಮೂತಿಯ ಮೇಲೆ ನಿಂತು ಬೊಗಳುತ್ತಿತ್ತು. ಅಂದಮೇಲೆ ನಾಯಿ ಕೇಳಿದವರೆಲ್ಲ ಸಿನಿಮಾ ನೋಡಿದವರೇ. ಎಣಿಸಿದಳು, ಅರವತ್ತೊಂದು.

ಹಿಂದೆಂದೋ ನಿಂತುಹೋದ ಕುರಿಮಂದೆಯ ಆಟವೊಂದರ ಕಂದು ನಾಯಿಗಳು ಗೋದಾಮಿನ ಡಬ್ಬಿಯಲ್ಲಿ ಬಿದ್ದಿದ್ದವು. ಅರವತ್ತೊಂದು ನಾಯಿಗಳಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದಳು. ಉಗುರೆಲ್ಲ ಮಸಿಯಾಯಿತು. ಒಂದೊಂದನ್ನೂ ಲಕೋಟೆಗೆ ಹಾಕಿ ಕಳಿಸಿ, ವಿಳಾಸಗಳನ್ನು ಬೇರೆ ಪುಸ್ತಕದಲ್ಲಿ ಬರೆದಿಟ್ಟಳು. ಇನ್ನು ಯಾರ ನಾಯಿ ಕಳೆದರೂ ಅವರು ಸಿನಿಮಾ ನೋಡಿ ಬಂದು ನಿಜವಾಗಿ ಆಡುತ್ತಿರುವವರು ಎಂಬುದು ಅವಳ ಲೆಕ್ಕಾಚಾರ. ಮೇಜಿನ ಮೇಲೆ ಒಂದು ಖಾಲಿ ತಟ್ಟೆ ಇಟ್ಟು ‘ನಾಯಿ’ ಎಂದು ಚೀಟಿ ಅಂಟಿಸಿದಳು.

ಮನೆಯಲ್ಲಿ ಗಂಡನಿಗೆ ಇದು ದೊಡ್ಡ ತಮಾಷೆಯಾಯಿತು. ಅವನು ಎಲೆಕ್ಟ್ರಿಷಿಯನ್. “ಇನ್ನೊಬ್ಬರ ಮನೆ ಸಾಮಾನು ಕಳೆದುಹೋಗ್ಲಿ ಅಂತ ಕಾಯ್ತಾ ಕೂತಿರೋಳು ಈ ಲೋಕದಲ್ಲಿ ನೀನೊಬ್ಳೇ ಕಣೇ” ಎನ್ನುತ್ತಿದ್ದ. ಅವಳು ರೇಗುತ್ತಿದ್ದಳು. ಆದರೆ ಅವನೂ ದಿನಾ ಬಾಗಿಲು ತೆರೆಯುತ್ತಲೇ ಕೇಳುತ್ತಿದ್ದ, “ಕಳೀತಾ?”

ಎಂಟನೆಯ ತಿಂಗಳು ಬಂತು. ತಟ್ಟೆ ಖಾಲಿ. ಒಂಬತ್ತು, ಹತ್ತು. ಬೇರೆ ಚೀಟಿಗಳು ಎಂದಿನಂತೆ ಬರುತ್ತಿದ್ದವು. ಅವಳು ದೋಣಿ ಹುಡುಕಿ ಲಕೋಟೆಗೆ ಹಾಕಿ, ಚೀಟಿಯನ್ನು ತಂತಿಗೆ ಚುಚ್ಚುತ್ತಿದ್ದಳು. ವಿಳಾಸ ಬರೆಯುತ್ತಿದ್ದದ್ದು ಅವಳ ಕೈ, ತಲೆಯಲ್ಲ. ತಲೆ ಪೂರ್ತಿ ಆ ತಟ್ಟೆಯಲ್ಲಿತ್ತು. ಹನ್ನೊಂದನೆಯ ತಿಂಗಳು ಅವಳಿಗೆ ನಿಜಕ್ಕೂ ಭಯವಾಯಿತು. ಮಾಲೀಕರು ಹೇಳಿದ್ದೇ ಸರಿಯಿರಬಹುದು, ಸಿನಿಮಾ ಮಾರಿದ್ದು ಬರೀ ಪೆಟ್ಟಿಗೆ ಎನಿಸಿತು. ಪ್ಯಾಕಿಂಗ್ ವಿಭಾಗದಲ್ಲಿ ದಿನವಿಡೀ ನಿಂತೇ ಇರಬೇಕು, ಯಾರ ಅಕ್ಷರವೂ ಕಣ್ಣಿಗೆ ಬೀಳುವುದಿಲ್ಲ. ಅದನ್ನು ನೆನೆದು ಒಂದು ಸಂಜೆ ಬಸ್ಸಿನಲ್ಲಿ ಕಣ್ಣೊರೆಸಿಕೊಂಡಳು.

ಗಡುವಿಗೆ ಎರಡು ವಾರ ಇದ್ದಾಗ ಹಸಿರು ದೋಣಿ ಕೇಳಿದ ಒಂದು ಚೀಟಿ ಬಂತು. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: ‘ನೀವು ಕಳಿಸಿದ ನಾಯಿ ಕ್ಷೇಮ. ಆಟ ಮುಗಿದ ತಕ್ಷಣ ಮಗಳು ಅದನ್ನು ತನ್ನ ಪೆನ್ಸಿಲ್ ಡಬ್ಬಿಯಲ್ಲಿ ಎತ್ತಿಡುತ್ತಾಳೆ.’

ಅವಳು ಹಣೆ ಬಡಿದುಕೊಂಡಳು. ಅಷ್ಟು ಕೇಳಿ ಬೇಡಿ ತರಿಸಿಕೊಂಡ ನಾಯಿಯನ್ನು ಯಾರಾದರೂ ಕಳೆಯುತ್ತಾರೆಯೇ? ಕಳೆದರೆ ದೋಣಿ ಕಳೆಯುತ್ತಾರೆ! ತಂತಿಯಿಂದ ಅಷ್ಟೂ ಚೀಟಿ ಬಿಚ್ಚಿ, ಪುಸ್ತಕದ ವಿಳಾಸಗಳ ಜೊತೆ ಒಂದೊಂದಾಗಿ ತಾಳೆ ನೋಡಿದಳು. ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ಅರವತ್ತೊಂದು ಮನೆಗಳಲ್ಲಿ ಇಪ್ಪತ್ತಮೂರು ಮನೆಯವರು ದೋಣಿ ಕೇಳಿ ಬರೆದಿದ್ದರು. ಮಾಮೂಲಿ ವರ್ಷದಲ್ಲಿ ನೂರು ಪೆಟ್ಟಿಗೆಗೆ ಒಂಬತ್ತು ಚೀಟಿ ಬಂದರೆ ಹೆಚ್ಚು.

ಅವಳು ತಂದಿಟ್ಟ ಪುಸ್ತಕವನ್ನೂ ಚೀಟಿಗಳನ್ನೂ ಮಾಲೀಕರು ಎರಡು ಸಲ ನೋಡಿದರು. ಆಮೇಲೆ ಹುಬ್ಬು ಗಂಟಿಕ್ಕಿ, “ನಾಯಿ ಕೇಳಿ ಬರೆದೋರು ಮೊದಲೇ ಹುಚ್ಚು ಹತ್ತಿದೋರು ಅಕ್ಕ. ಉಳಿದ ಸಾವಿರಾರು ಜನ?” ಎಂದರು.

ಸುಳ್ಳು ಹೇಳಿದರೆ ಮೇಜು ಉಳಿದೀತು ಎನಿಸಿತು. ಅವಳಿಗೆ ಅದು ಬರುತ್ತಿರಲಿಲ್ಲ. “ಅವರದ್ದು ನಂಗೂ ಗೊತ್ತಿಲ್ಲ ಸರ್. ಈ ಅರವತ್ತೊಂದು ಮನೆ ಮಾತ್ರ ಗೊತ್ತು.”

ಮಾಲೀಕರು ಹಸಿರು ದೋಣಿಯ ಚೀಟಿಯ ಅಂಚಿನ ಸಾಲನ್ನು ಇನ್ನೊಮ್ಮೆ ಓದಿದರು. “ಸರಿ. ‘ಬಂದರು’ ಇರ್ಲಿ. ಮುಂದಿನ ಸಲ ಎಲ್ಲಾ ಪೆಟ್ಟಿಗೆಗೂ ಒಂದೊಂದು ನಾಯಿ ಹಾಕ್ಸಿ” ಎಂದರು.

ಮೇಜು ಉಳಿಯಿತು. ಥ್ಯಾಂಕ್ಸ್ ಹೇಳಿ ಎದ್ದು ಬರಬೇಕಾದ ಹೊತ್ತು. ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು. ಎಲ್ಲ ಪೆಟ್ಟಿಗೆಯಲ್ಲೂ ನಾಯಿ ಇದ್ದರೆ ನಾಯಿ ಕೇಳಿ ಯಾರೂ ಬರೆಯುವುದಿಲ್ಲ. ಸಿನಿಮಾ ನೋಡಿ ಬಂದವರು ಯಾರು, ಹಾಗೇ ಬಂದವರು ಯಾರು, ಅವರಲ್ಲಿ ಆಡುವವರೆಷ್ಟು, ಇನ್ನೆಂದೂ ತಿಳಿಯುವುದಿಲ್ಲ. ಉಳಿದ ಸಾವಿರಾರು ಜನ ಎಂದು ಮಾಲೀಕರು ಕೇಳಿದ ಪ್ರಶ್ನೆ ಅವಳ ತಲೆಯನ್ನು ಆಗಲೇ ಕೊರೆಯತೊಡಗಿತ್ತು.

“ಸರ್,” ಎಂದು ತಿರುಗಿದಳು, “ಅರ್ಧ ಪೆಟ್ಟಿಗೆಗೆ ಮಾತ್ರ ಹಾಕೋಣ.”

“ಅರ್ಧಕ್ಕಾ? ಉಳಿದ ಅರ್ಧದೋರು ಏನ್ ಮಾಡ್ಬೇಕು?”

“ಅವರು ನಂಗೆ ಬರೀತಾರೆ ಸರ್.”