ಪೇಟಿ ಖೋಲಿಯ ಕಿಡಕಿ

ಕಳೆದ ವಾರ ನಮ್ಮ ಅಡುಗೆಮನೆಯ ಕಪಾಟುಗಳಿಗೆ ಮೈಕಾ ಹಾಳೆ ಅಂಟಿಸಲು ಬಂದಿದ್ದ ಬಡಗಿ ಅಂಟಿನ ಡಬ್ಬಿಯ ಮುಚ್ಚಳ ತೆಗೆದ. ನಾನು ಹೊರಗಿನ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ಅರ್ಧ ಸಿಹಿ, ಅರ್ಧ ಪೆಟ್ರೋಲು, ಮೂಗಿನಿಂದ ನೇರ ಹಣೆಗೆ ಏರುವ ಆ ವಾಸನೆ ಬಂದದ್ದೇ ತಡ, ಪೆನ್ನು ಬಿಟ್ಟು ಎದ್ದು ಮನೆಯ ಕಿಡಕಿಗಳನ್ನೆಲ್ಲ ತೆಗೆದೆ, ಹಿಂದಿನ ಬಾಗಿಲನ್ನೂ ತೆಗೆದೆ. "ಧೂಳ ಬರ್ತೈತ್ರಿ ಮೇಡಮ್, ಹಾಳಿ ಸರಿ ಕೂಡಂಗಿಲ್ಲ" ಅಂದ ಬಡಗಿ. ಬರಲಿ ಅಂದೆ. ಸ್ವಲ್ಪ ಜೋರಾಗಿಯೇ ಅಂದಿರಬೇಕು, ಅವನು ತಿರುಗಿ ಕುಂಚ ಕೈಗೆತ್ತಿಕೊಂಡ. ಧೂಳಿನ ಈ ಮಾತನ್ನು ನಾನು ಮೂವತ್ತು ವರ್ಷದ ಹಿಂದೆ ಯರಗುಪ್ಪಿಯ ನಮ್ಮ ಮನೆಯಲ್ಲಿ ಕೇಳಿದ್ದೆ. ಆಗ ಕಿಡಕಿ ಮುಚ್ಚಿದವಳು ನಾನೇ.

ಆ ಮನೆ ಈಗಿಲ್ಲ. ಅದರ ಜಾಗದಲ್ಲಿ ಗೊಬ್ಬರದ ಅಂಗಡಿಯಿದೆ. ಮಣ್ಣಿನ ಮಾಳಿಗೆ, ನಡುವೆ ಪಡಸಾಲೆ, ಅದರ ಬಾಜೂಕೆ ಒಂದೇ ಕಿಡಕಿಯ ಸಣ್ಣ ಕೋಣೆ. ಅದಕ್ಕೆ ಪೇಟಿ ಖೋಲಿ ಅಂತಲೇ ಹೆಸರು. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಅನ್ನುತ್ತಾರೆ. ಅಪ್ಪನ ತಮ್ಮ ಶಿವಪ್ಪ ಕಾಕಾ ಸುತ್ತಲಿನ ಭಜನಾ ಮೇಳಗಳ ಪೇಟಿಗಳನ್ನು ಅಲ್ಲಿ ರಿಪೇರಿ ಮಾಡುತ್ತಿದ್ದ. ಅಪ್ಪ ನವಲಗುಂದದಲ್ಲಿ ಮಾಸ್ತರ, ಶನಿವಾರ ಬಂದು ಸೋಮವಾರ ಹೋಗುವವ. ಉಳಿದ ದಿನ ಮನೆಯಲ್ಲಿ ಅವ್ವ, ಕಾಕಾ, ನಾನು. ಕಾಕಾ ಮದುವೆಯಾಗಿರಲಿಲ್ಲ. ಯಾರಾದರೂ ಕೆದಕಿದರೆ, "ಮನ್ಯಾಗ ಇಷ್ಟ ಪೇಟಿ ಒದರತಾವು, ಇನ್ನೊಂದು ದನಿ ಯಾಕ್ರಿ?" ಅಂತ ನಗುತ್ತಿದ್ದ. ಉದ್ದನೆಯ, ತೆಳ್ಳನೆಯ ಬೆರಳುಗಳು ಅವನವು. ಸ್ವರ ಹೊರಡಿಸುವ ಹಿತ್ತಾಳೆಯ ರೀಡನ್ನು ಬೆರಳತುದಿಯಿಂದ ಸವರಿಯೇ ಎಲ್ಲಿ ಉಜ್ಜಬೇಕು ಅಂತ ಹೇಳುತ್ತಿದ್ದ. ಪೇಟಿಗೆ ಗಾಳಿ ಹಾಕುವ ತಿದಿ ಸೋರುತ್ತಿದ್ದರೆ ಅದರ ಅಂಚಿಗೆ ಗಲ್ಲ ಹಚ್ಚಿ, ಕಣ್ಣು ಮುಚ್ಚಿ, ಮೆಲ್ಲಗೆ ಒತ್ತುತ್ತಿದ್ದ. ಕೂದಲೆಳೆಯಷ್ಟು ಗಾಳಿ ಹೊರಟರೂ ಗಲ್ಲಕ್ಕೆ ತಿಳಿಯುತ್ತಿತ್ತು. ಅವನ ಗುರುಗಳು ಹಾಗೇ ಮಾಡುತ್ತಿದ್ದರಂತೆ.

ತಿದಿಗೆ ಚರ್ಮದ ಪಟ್ಟಿ ಅಂಟಿಸಲು ಮೊದಲು ಬಡಗಿಗಳ ಹಳೇ ಅಂಟೇ ಇತ್ತು, ಎಲುಬು ಚರ್ಮ ಕುದಿಸಿ ಮಾಡಿದ್ದು. ನಮ್ಮದು ಲಿಂಗಪೂಜೆಯ ಮನೆ. ಅವ್ವ ಅದನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ. ಹಿತ್ತಲ ಬೇವಿನ ಗಿಡದ ಕೆಳಗೆ ಅದಕ್ಕೆ ಬೇರೆ ಒಲೆ, ಬೇರೆ ಗಡಿಗೆ. ಕಾಕಾ ಅಲ್ಲೇ ಕೂತು ಕಾಸಿ, ಅಲ್ಲೇ ಅಂಟಿಸಿ, ಇಡೀ ದಿನ ಒಣಗಲು ಬಿಟ್ಟು, ಜಳಕ ಮಾಡಿಯೇ ಒಳಗೆ ಬರಬೇಕು. ಅದರ ನಾತಕ್ಕೆ ನಾವೆಲ್ಲ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದೆವು. ಬಡಪಾಯಿ ಅಂಟು ಅದು, ನಾತವೊಂದು ಬಿಟ್ಟರೆ ಯಾರಿಗೂ ಏನೂ ಮಾಡಲಿಲ್ಲ.

ಒಂದು ವರ್ಷ ಶ್ರಾವಣ ಹತ್ತಿರ ಬಂದಾಗ ಖೋಲಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಪೇಟಿ ಬಂದವು. ಕಾಕಾ ಹುಬ್ಬಳ್ಳಿಯಿಂದ ಹಳದಿ ಅಂಟಿನ ಒಂದು ದೊಡ್ಡ ಡಬ್ಬಿ ತಂದ. "ಕಾಸೂದಿಲ್ಲ, ಕುದಸೂದಿಲ್ಲ. ಹತ್ತ ಮಿನಿಟಿನ್ಯಾಗ ಅಗದಿ ಗಚ್ಚ ಹಿಡೀತೈತಿ ವೈನಿ." ಅವ್ವ ಕೇಳಿದ್ದು ಒಂದೇ: "ಎಲುಬಿಂದೇನು?" ಅಲ್ಲ, ಕಾರ್ಖಾನೆಯ ರಾಸಾಯನಿಕ ಅಂದ. "ಹಂಗಾರ ಒಳಗ ಕುಂತ ಮಾಡಪಾ, ಎಷ್ಟ ದಿನಾ ಬಿಸಲಾಗ ಕುಂದರ್ತಿ" ಅಂದಳು ಅವ್ವ, ಮನಸಾರೆ. ಹೀಗೆ ವಿಷಕ್ಕೆ ಮಡಿಯ ಮನೆಯೊಳಗೆ ಜಾಗ ಸಿಕ್ಕಿತು. ಆ ವರ್ಷ ಮಳೆ ತಡವಾಗಿತ್ತು. ಎರೆಹೊಲದ ಕರಿ ಧೂಳು ಗಾಳಿಗೆ ಎದ್ದು ಬಂದು ಹಸಿ ಅಂಟಿನ ಮೇಲೆ ಕೂಡುತ್ತಿತ್ತು. "ಶೈಲವ್ವಾ, ಕಿಡಕಿ ಹಾಕವಾ, ಧೂಳ ಬರಾಕತ್ತೈತಿ" ಅಂತ ಕಾಕಾ ಅಂದರೆ ಸಾಕು, ನಾನು ಅವ್ವನ ಹಳೇ ಸೀರೆಯ ತುಂಡು ತೋಯಿಸಿ ಕಿಡಕಿಯ ಸಂದಿಗಳಿಗೆಲ್ಲ ತುರುಕುತ್ತಿದ್ದೆ. ಒಂದು ಎಳೆ ಬೆಳಕೂ ಕಾಣದಂತೆ ತುರುಕುತ್ತಿದ್ದೆ. ಶಾಬಾಸ್ ಅನ್ನುತ್ತಿದ್ದ. ಆಮೇಲೆ ಹಸಿ ಅಂಟಿನ ತಿದಿಗೆ ಗಲ್ಲ ಹಚ್ಚಿ, ಕಣ್ಣು ಮುಚ್ಚಿ ಒತ್ತುತ್ತಿದ್ದ. ಒಳಗಿನ ಗಾಳಿಯೆಲ್ಲ ಅವನ ಮೂಗಿಗೇ ಹೊಡೆಯುತ್ತಿತ್ತು.

ಗೋಡೆಯ ಮೇಲಿನ ಹಲ್ಲಿಗಳು ಮೊದಲು ಕಾಣದಾದವು. ಕಾಕಾ ಸಂಜೆ ಹೊರಗೆ ಬಂದರೆ ಕಣ್ಣು ಕೆಂಪಗೆ, ಮಾತು ತೊದಲು, ಕಾರಣವಿಲ್ಲದ ನಗೆ. ರೊಟ್ಟಿ ಮುರಿದು ಹಾಗೇ ಇಡುತ್ತಿದ್ದ. ತಲೆಶೂಲೆಗೆ ಅವ್ವ ಸುಂಠಿ ತೇಯ್ದು ಹಚ್ಚಿ, ದೃಷ್ಟಿ ತೆಗೆದಳು. ನಾಲ್ಕಾರು ತಿಂಗಳು ಕಳೆದಿರಬೇಕು, ಒಂದು ದಿನ ಸಂತೆಯಿಂದ ಬಂದವನ ಎಡಗಾಲಲ್ಲಿ ಚಪ್ಪಲಿಯೇ ಇರಲಿಲ್ಲ. ಎಲ್ಲಿ ಬಿದ್ದಿತೋ, ಅವನಿಗೆ ಗೊತ್ತೇ ಆಗಿರಲಿಲ್ಲ. ನಾವು ನಕ್ಕೆವು. ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನು. ಮರುವಾರ ಕುದಿಯುವ ಚಹಾದ ಹಿತ್ತಾಳೆ ಲೋಟವನ್ನು ಬರಿಗೈಯಲ್ಲಿ ಹಿಡಿದು ಮಾತಾಡುತ್ತ ನಿಂತಿದ್ದ. ಅವ್ವ ಚೀರಿ ಲೋಟ ಕಸಿದುಕೊಂಡಾಗ ಬೆರಳುಗಳಲ್ಲಿ ಬೊಬ್ಬೆ ಎದ್ದಿದ್ದವು. ಆಗ ಯಾರೂ ನಗಲಿಲ್ಲ.

ಅಪ್ಪ ಹುಬ್ಬಳ್ಳಿಯ ಒಬ್ಬ ಡಾಕ್ಟರರ ಬಳಿ ಕರೆದೊಯ್ದ. ನಾನೂ ಹೋಗಿದ್ದೆ. ಡಾಕ್ಟರರು ಮೊಣಕಾಲು ಬಡಿದು, ಬೆರಳಿಗೆ ಸೂಜಿ ಚುಚ್ಚಿ ನೋಡಿ, ಕೆಲಸ ಏನು, ಯಾವುದರಿಂದ ಅಂಟಿಸುತ್ತೀರಿ ಅಂತ ಕೇಳಿದರು. "ಬಾಗಲಾ ಕಿಡಕಿ ತಗದಿರ್ತೀರೇನು?" ನಾನು ಅಪ್ಪನ ಹಿಂದೆ ಸರಿದೆ. ಕಾಕಾ ನನ್ನ ಕಡೆ ನೋಡಲಿಲ್ಲ. "ಇಲ್ರಿ, ನಾನ ಮುಚ್ಕೊಂಡು ಕುಂದರ್ತಿದ್ದೆ" ಅಂದ. ಆ ಅಂಟಿನ ಆವಿ ನರಗಳನ್ನು ಕೊಂದಿದೆ, ಬಿಟ್ಟರೆ ನಿಧಾನಕ್ಕೆ ಒಂದಿಷ್ಟು ತಿರುಗಿ ಬಂದೀತು, ಎಲ್ಲ ಬರಲಿಕ್ಕಿಲ್ಲ, ಬಿಟ್ಟ ಮೇಲೂ ಕೆಲವು ತಿಂಗಳು ಹೆಚ್ಚಾಗಬಹುದು ಅಂದರು ಡಾಕ್ಟರರು. ಹಾಗೇ ಆಯಿತು. ಡಬ್ಬಿಯನ್ನು ಊರಾಚೆ ಹೂಳಿ ಬಂದ ಮೇಲೂ ಬೆರಳುಗಳ ಜೋಮು ಮಣಿಕಟ್ಟಿನತ್ತ ಏರುತ್ತಲೇ ಇತ್ತು. ಅವ್ವ ಒಂದು ಮುಂಜಾನೆ ಹಿತ್ತಲಿಗೆ ಹೋಗಿ, ಎಂದೂ ಮುಟ್ಟದ ಆ ಗಡಿಗೆಯನ್ನು ತಾನೇ ಒಲೆಗಿಟ್ಟು, ಎಲುಬಿನ ಅಂಟನ್ನು ತಾನೇ ತಿರುವಿದಳು. ಸೆರಗು ಮೂಗಿಗಲ್ಲ, ಕಣ್ಣಿಗೆ ಹಿಡಿದಿದ್ದಳು.

ಮುಂದಿನ ಶ್ರಾವಣದ ಹೊತ್ತಿಗೆ ಕಾಕಾ ಗುಡಗೇರಿಯ ಭಜನಾ ಮೇಳದವರ ಒಂದೇ ಒಂದು ಪೇಟಿಯನ್ನು ಬೇವಿನ ಗಿಡದ ಕೆಳಗೆ ಕೂತು ತಿಂಗಳುಗಟ್ಟಲೆ ದುರಸ್ತಿ ಮಾಡಿದ. ಮುಗಿದ ದಿನ ನನ್ನನ್ನು ಕರೆದು ಬಾರಿಸತೊಡಗಿದ. ಚೆನ್ನಾಗೇ ಹೊರಟಿತ್ತು, ನಡುವೆ ಒಂದು ಸ್ವರ ಹಿಡಿದು ನಿಂತಿತು, ಬಿಡಲೇ ಇಲ್ಲ. "ಯಾವದೋ ಒಂದು ಸುಮ್ಮನಾಗವಲ್ದು ನೋಡವಾ ಶೈಲವ್ವಾ, ಒಳಗ ಕಸಾ ಸಿಕ್ಕಂಡೈತಿ" ಅಂತ ತಿದಿ ಒತ್ತುತ್ತಲೇ ಹೇಳಿದ. ನಾನು ನೋಡಿದೆ. ಕಸ ಎಲ್ಲೂ ಇರಲಿಲ್ಲ. ಅವನದೇ ಕಿರುಬೆರಳು ಪೇಟಿಯ ಒಂದು ಕೀಯ ಮೇಲೆ ಒತ್ತಿ ಕೂತಿತ್ತು. ಆ ಬೆರಳನ್ನು ಮೆಲ್ಲಗೆ ಎತ್ತಿದೆ. ಸ್ವರ ನಿಂತಿತು.

ಕಾಕಾ ತನ್ನ ಕೈಯನ್ನು ಬಹಳ ಹೊತ್ತು ನೋಡಿದ. ಪೇಟಿ ಮುಚ್ಚಿ, "ಗುಡಗೇರಿಯವರು ಬಂದ್ರ ಕೊಟ್ಟ ಬಿಡವಾ, ಚಲೋ ಆಗೈತಿ ಅಂತ ಹೇಳು" ಅಂದ. ಆಮೇಲೆ ಇಪ್ಪತ್ತು ವರ್ಷ ಬದುಕಿದ, ಇನ್ನೊಂದು ಪೇಟಿ ಮುಟ್ಟಲಿಲ್ಲ. ಕಿಡಕಿಯ ಮಾತನ್ನು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ತಪ್ಪಾಯಿತು ಕಾಕಾ ಅಂತ ಒಮ್ಮೆ ಅನ್ನಬೇಕಿತ್ತು.

ಬಡಗಿ ಹೋದ ಮೇಲೆ ಹೊಸ ಕಪಾಟಿನ ಮೇಲೆ ಕೈಯಾಡಿಸಿದೆ. ಹಾಳೆಯ ಅಡಿಯಲ್ಲಿ ಎರಡು ಕಡೆ ಧೂಳಿನ ಕಣ ಸಿಕ್ಕು ಉಬ್ಬಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ, ಬೆರಳಿಗೆ ತಿಳಿಯಿತು.