ಶುಕ್ರವಾರ ಹೆಪ್ಪು ಕೊಡೂದಿಲ್ಲರಿ

ಗಿಣಿಗೇರಾ ಹತ್ತಿರದ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ನನ್ನ ಕೆಲಸ ಹುಳ ಸಾಕುವುದು. ಕಣ್ಣಿಗೆ ಕಾಣದ ಹುಳ. ಕಲ್ಲಿದ್ದಲಿನ ಅನಿಲ ತೊಳೆದ ನೀರಿನಲ್ಲಿ ಫೀನಾಲ್ ಎಂಬ ವಿಷ ಇರುತ್ತದೆ. ಆ ನೀರನ್ನು ತೊಟ್ಟಿಗೆ ಬಿಟ್ಟು ಗಾಳಿ ಊದಿದರೆ ಅಲ್ಲಿನ ಸೂಕ್ಷ್ಮಜೀವಿಗಳು ವಿಷವನ್ನೇ ಉಂಡು ಬದುಕುತ್ತವೆ. ವಿಶ್ವವಿದ್ಯಾಲಯದಲ್ಲಿ ಓದಿದ್ದೂ ಇದನ್ನೇ. ಊರಲ್ಲಿ ಯಾರಾದರೂ ಕೇಳಿದರೆ ಮಾತ್ರ "ಗಟಾರ ನೋಡ್ಕೋತೀನಿ" ಎನ್ನುತ್ತೇನೆ. ಮಾತು ಬೇಗ ಮುಗಿಯುತ್ತದೆ.

ಒಂದು ಆಯುಧಪೂಜೆಗೆ ನಾನು ರಜೆಯಲ್ಲಿದ್ದೆ. ಕೆಲಸಗಾರರು ಯಂತ್ರಗಳನ್ನೆಲ್ಲ ತೊಳೆದರು. ತೊಟ್ಟಿಯೊಂದನ್ನೇ ಹೊಲಸು ಬಿಡುವುದು ಹೇಗೆಂದು ಅದಕ್ಕೂ ಭಕ್ತಿಯಿಂದ ಬ್ಲೀಚಿಂಗ್ ಪೌಡರ್ ಸುರಿದು, ಕಟ್ಟೆಗೆ ವಿಭೂತಿ ಬಳಿದು, ಕುಂಬಳಕಾಯಿ ಒಡೆದರು. ಮರುದಿನ ನಾನು ಬಂದು ನೋಡಿದರೆ ಹುಳಗಳೆಲ್ಲ ಶಿವನ ಪಾದ ಸೇರಿದ್ದವು.

"ಎಷ್ಟು ಛಲೋ ಬೆಳ್ಳಗಾಗೇತಿ ನೋಡ್ರಿ ಸಾರ್!" ಎಂದ ಪಂಪಿನವನು.

ಸೋಮವಾರ ತಪಾಸಣೆಯಿತ್ತು. ತೊಟ್ಟಿ ಸತ್ತಿರುವುದು ಗೊತ್ತಾದರೆ ಘಟಕಕ್ಕೆ ಬೀಗ, ನನಗೆ ಗೇಟು. ಇದ್ದ ದಾರಿ ಒಂದೇ: ಪಕ್ಕದ ಕಾರ್ಖಾನೆಯ ತೊಟ್ಟಿಯಿಂದ ಜೀವಂತ ಕೆಸರು ತಂದು ಸುರಿಯುವುದು. ಟಂಟಂ ಗಾಡಿಗೆ ಡ್ರಮ್ಮು ಹೇರಿಕೊಂಡು ಸಂಜೆ ಹೋದೆ. ಅಲ್ಲಿನ ತೊಟ್ಟಿ ನೋಡಿಕೊಳ್ಳುವವರು ಅಳವಂಡಿ ಕಡೆಯ ಹಿರಿಯರು. ಅವರಿಗೆ ತಿಳಿಯಲೆಂದು, ಹಾಲಿಗೆ ಹೆಪ್ಪು ಹಾಕಿದ ಹಾಗೆ ಎಂದು ವಿವರಿಸಿದೆ. ಅಲ್ಲೇ ಕೆಟ್ಟೆ.

"ಹೆಪ್ಪನ್ರಿ? ಇವತ್ತ ಶುಕ್ರವಾರ. ಕೊಟ್ರ ಲಕ್ಷ್ಮಿ ಹೊಂಟ್ ಹೋಗ್ತಾಳ. ನಾಳೆ ಬರ್ರಿ."

"ಕಾಕಾ, ನಾಳೆ ಅಂದ್ರ ಹುಳ ಬೆಳಿಯಾಕ ಟೈಮ್ ಸಾಲಂಗಿಲ್ರಿ. ಅಲ್ಲದ ಇದು ರಾಡಿ! ಇದರಾಗ ಎಲ್ಲಿ ಲಕ್ಷ್ಮಿ?"

"ನನ್ನ ಪಗಾರ ಇದರಾಗಿಂದನ ಬರ್ತೈತಿ. ಲಕ್ಷ್ಮಿ ಮತ್ತೆಲ್ಲಿ ಕುಂತಾಳಂತೀರಿ?"

ಜೀವಕೋಶ, ಕಿಣ್ವ ಎಂದು ಉಪನ್ಯಾಸ ಮಾಡಿದೆ. ಅವರು ಎಲೆಅಡಿಕೆ ಹಾಕಿಕೊಂಡು ಪೂರ್ತಿ ಕೇಳಿ, "ಖರೇ ಐತಿ. ಆದ್ರೂ ಶುಕ್ರವಾರ" ಎಂದರು.

ಅಂದು ಬನ್ನಿ ಹಬ್ಬ. ಜೇಬಿನಲ್ಲಿ ಯಾರೋ ಕೊಟ್ಟ ಬನ್ನಿ ಎಲೆಗಳಿದ್ದವು. ತೆಗೆದು ಅವರ ಕೈಗಿಟ್ಟೆ.

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಕಾಕಾ."

ಬನ್ನಿ ಕೊಟ್ಟವರಿಗೆ ತಿರುಗಿ ಕೊಡಲೇಬೇಕು. ಅವರು ಜೇಬು ತಡಕಿದರು. ಎಲೆ ಇರಲಿಲ್ಲ. ಅತ್ತಿತ್ತ ನೋಡಿದರು, ಕೊನೆಗೆ ತೊಟ್ಟಿ ನೋಡಿದರು.

"ಇದು ಹೆಪ್ಪು ಕೊಟ್ಟಂಗಲ್ಲ ಮತ್ತ. ಬಂಗಾರಕ್ಕ ಬಂಗಾರ. ಹಚ್ರಿ ಪೈಪು!"

ಬ್ಲೀಚಿಂಗ್ ನೀರು ಖಾಲಿ ಮಾಡಿಸಿ, ಕೆಸರು ತಂದು ಸುರಿದು ಬೆಲ್ಲದ ನೀರು ಉಣಿಸಿದೆ. ಭಾನುವಾರ ತೊಟ್ಟಿಯಲ್ಲಿ ಕಂದು ನೊರೆ ಎದ್ದಾಗ ಕೈಮುಗಿದೆನಂತೆ. ಪಂಪಿನವನ ಮಾತು, ಅವನನ್ನು ನಂಬುವಂತಿಲ್ಲ. ಸೋಮವಾರ ಬಂದ ಅಧಿಕಾರಿ ನೀರು ಪರೀಕ್ಷಿಸಿ ತಲೆಯಾಡಿಸಿ ಹೋದರು. ನನ್ನ ಕೆಲಸ ಉಳಿಯಿತು.

ಆ ವರ್ಷ ಬನ್ನಿ ಹಬ್ಬ ಬಂದದ್ದು ಗುರುವಾರ ಎಂದು ಹೆಂಡತಿ ಈಗ ಹಟ ಹಿಡಿದಿದ್ದಾಳೆ. ಹಾಗಾದರೆ ಕಾಕಾ ನನ್ನನ್ನು ಸುಮ್ಮನೆ ಆಟವಾಡಿಸಿದರೇ? ಕೇಳಬೇಕೆನ್ನುವಷ್ಟರಲ್ಲಿ ಮೊನ್ನೆ ಅವರದೇ ಫೋನ್ ಬಂತು. ತೊಟ್ಟಿ ಕೆಟ್ಟಿದೆಯಂತೆ, ನನ್ನಲ್ಲಿಂದ ಒಂದಿಷ್ಟು ಕೆಸರು ಬೇಕಂತೆ.

"ಕಾಕಾ, ಇವತ್ತ ಯಾವ ವಾರರಿ?" ಎಂದು ನಾನು ಕೇಳಿದೆನೆಂದು ಹೆಂಡತಿ ಎಲ್ಲರಿಗೂ ಹೇಳುತ್ತಿದ್ದಾಳೆ. ನನಗಂತೂ ಹಾಗೆ ಕೇಳಿದ ನೆನಪಿಲ್ಲ.