ವೀರಾಚಾರಿಯವರ ಎತ್ತುಗಾಡಿ

ವೀರಾಚಾರಿಯವರು ಮನುಷ್ಯರೊಡನೆ ಕನ್ನಡದಲ್ಲಿಯೂ ಕಬ್ಬಿಣದೊಡನೆ ತೆಲುಗಿನಲ್ಲಿಯೂ ಮಾತಾಡುತ್ತಿದ್ದರು. ಗೌರಿಬಿದನೂರಿನ ರೈಲ್ವೆ ಗೇಟಿನ ಪಕ್ಕ ಅವರ ಕುಲುಮೆ. ಕೆಂಪಗೆ ಕಾದ ಪಟ್ಟಿಯನ್ನು ಬಡಿಯುತ್ತ "ವಂಗವೇ ತಲ್ಲೀ, ವಂಗು" ಎಂದು ಲಲ್ಲೆಗರೆದರೆ ಅದು ಹೆತ್ತ ಮಗಳಂತೆ ಬಾಗುತ್ತಿತ್ತು. ಅದೇ ಬಾಯಿಂದ ಗಿರಾಕಿಗೆ "ನಾಳೆ ಬನ್ನಿ ಸ್ವಾಮಿ" ಎಂದು ಕನ್ನಡ. ಕಬ್ಬಿಣಕ್ಕೆ ಕೊಟ್ಟ ಮಾತಿಗೆ ಅವರು ತಪ್ಪಿದ್ದು ನಾನು ಕಾಣೆ. ಕನ್ನಡದ ಮಾತಿಗೆ ಅಷ್ಟು ಭರವಸೆ ಇರಲಿಲ್ಲ.

ಅರವತ್ತರ ದಶಕ ಆಗಷ್ಟೇ ಕಣ್ಣು ಬಿಡುತ್ತಿತ್ತು. ಕುಲುಮೆಯಿಂದ ಮೂರು ಮೈಲಿ ದೂರದ ನಮ್ಮೂರಿನ ಹಿಪ್ಪುನೇರಳೆ ತೋಟಕ್ಕೆ ನಾನೊಂದು ಪುಟ್ಟ ಟ್ರ್ಯಾಕ್ಟರು ತಂದಿದ್ದೆ. ಎಷ್ಟು ಪುಟ್ಟದೆಂದರೆ, ಪಟೇಲರು ಅದನ್ನು ಸುತ್ತುಹಾಕಿ ನೋಡಿ, "ಇದಕ್ಕಿನ್ನೂ ಹಾಲು ಬಿಡಿಸಿಲ್ವೇನಪ್ಪ?" ಎಂದಿದ್ದರು. ಉಳುವುದೇನೋ ಆಯಿತು. ಗೊಬ್ಬರ ಸಾಗಿಸಲು ಹಿಂದೊಂದು ಟ್ರೈಲರು ಬೇಕು, ಅದೂ ತಾನೇ ಮೂತಿಯೆತ್ತಿ ಹೊರೆ ಸುರಿಯುವಂಥದ್ದು. ಇಷ್ಟು ಚಿಕ್ಕ ಟ್ರ್ಯಾಕ್ಟರಿಗೆ ಅಂಥದ್ದು ಬೆಂಗಳೂರಿನಲ್ಲೂ ಸಿಗಲಿಲ್ಲ.

"ನಾನ್ ಮಾಡ್ತೀನಿ," ಎಂದರು ವೀರಾಚಾರಿ. "ಎಣ್ಣೆ ಜಾಕಿ ಐತೆ ಸ್ವಾಮಿ, ಮಿಲ್ಟ್ರಿ ಲಾರೀದು. ಲಾರೀನೇ ಎತ್ತಿದ ಗಂಡು, ನಿಮ್ ತಿಪ್ಪೆ ಎತ್ತಲ್ವಾ?"

"ಎತ್ತು ಮಾಡೋ ಕೆಲ್ಸ ಎತ್ತೇ ಮಾಡ್ಬೇಕು ಆಚಾರಿ," ಎಂದರು ಪಟೇಲರು, ನಮ್ಮೂರ ಅರಳೀಕಟ್ಟೆಯಲ್ಲಿ ಕೂತಿದ್ದ ಅಷ್ಟೂ ಜನರಿಗೆ ಕೇಳುವಂತೆ.

ಆಚಾರ್ರು ಎದ್ದು ನಿಂತರು. "ಇದು ಎತ್ತದೇ ಹೋದ್ರೆ ಕುಲುಮೆಗೆ ನೀರ್ ಸುರಿದು, ಹಿಂದೂಪುರಕ್ಕೆ ಹೋಗಿ ಅಳಿಯನ ಮನೇಲ್ ಬಿದ್ದಿರ್ತೀನಿ!"

ಅವರಿಗೆ ಅಳಿಯನೆಂದರೆ ತುಕ್ಕಿಗೆ ಸಮ. ಇದಕ್ಕಿಂತ ಘೋರವಾದ ಪ್ರತಿಜ್ಞೆಯನ್ನು ನಮ್ಮ ತಾಲ್ಲೂಕು ಕೇಳಿರಲಿಲ್ಲ.

ಮೊದಲ ಪರೀಕ್ಷೆಯಲ್ಲಿ ಖಾಲಿ ಟ್ರೈಲರು ಒಂದು ಗೇಣು ಎದ್ದು, ಎಣ್ಣೆ ಕಾರಿ, ನಿಟ್ಟುಸಿರುಬಿಟ್ಟು ಕುಳಿತಿತು. ಜಾಕಿಯೊಳಗಿನ ಚರ್ಮದ ವಾಷರು ಸವೆದಿತ್ತು. ಆಚಾರ್ರು ಹಿಂದುಮುಂದು ನೋಡದೆ ತಮ್ಮ ಬಲಗಾಲಿನ ಚಪ್ಪಲಿಯನ್ನೇ ಕತ್ತರಿಸಿ ಹೊಸ ವಾಷರು ಮಾಡಿದರು. ಆಮೇಲೆ ಒಂದು ತಿಂಗಳು ಒಂದೇ ಚಪ್ಪಲಿಯಲ್ಲಿ ಊರೆಲ್ಲ ಓಡಾಡಿದರು.

"ಇದೊಂದನ್ನ ಯಾಕೆ ಹಾಕ್ಕೊಂಡಿದೀರಿ?" ಎಂದು ಕೇಳಿದೆ.

"ಅದು ಸ್ಟೆಪ್ನಿ ಸ್ವಾಮಿ."

ಎರಡನೆಯ ಪರೀಕ್ಷೆ ತುಂಬಿದ ಹೊರೆಯೊಡನೆ ನಡೆಯಿತು. ನಾನು ಟ್ರ್ಯಾಕ್ಟರಿನ ಮೇಲೆ, ನನ್ನ ಬೆನ್ನಿಗೆ ಟ್ರೈಲರಿನ ಮುಂದಿನ ಹಲಗೆಯಲ್ಲಿ ಜಾಕಿಯ ಹಿಡಿ ಹಿಡಿದು ಆಚಾರ್ರು. ಹೊಲ ಮುಟ್ಟಿದೊಡನೆ ಯಾರಾದರೂ "ಎತ್ತು" ಎನ್ನಬೇಕು, ಅವರು ಹಿಡಿ ಒತ್ತಬೇಕು ಎಂದು ಒಪ್ಪಂದ. ಇಸ್ತ್ರಿ ಮಾಡಿದ ಬಿಳಿ ಪಂಚೆಯುಟ್ಟ ಪಟೇಲರು ತಪ್ಪು ಹಿಡಿಯುವ ಸಲುವಾಗಿ ಟ್ರೈಲರಿಗೆ ಅಂಟಿಕೊಂಡಂತೆ ಹಿಂದೆ ನಡೆದು ಬರುತ್ತಿದ್ದರು.

ಹೊಲ ಇನ್ನೂ ದೂರವಿತ್ತು. ಯಾರದೋ ಹಗ್ಗ ಕಿತ್ತ ಎತ್ತೊಂದು ಓಣಿಯಿಂದ ನುಗ್ಗಿ ನೇರ ನಮ್ಮೆದುರು ನಿಂತಿತು. ನಾನು ಗಕ್ಕನೆ ನಿಲ್ಲಿಸಿದೆ. ಪರೀಕ್ಷೆ ನೋಡಲು ಜೊತೆಗೆ ಬರುತ್ತಿದ್ದ ಜನ ಗಾಬರಿಯಿಂದ ಕೂಗಿಕೊಂಡರು: "ಎತ್ತು! ಎತ್ತು! ಅಯ್ಯೋ, ಎತ್ತು!"

ಕೂಗಿಗೊಂದರಂತೆ ಆಚಾರ್ರು ಹಿಡಿ ಒತ್ತಿದರು. ಎತ್ತು ಕದಲಲಿಲ್ಲ, ಜನ ನಿಲ್ಲಿಸಲಿಲ್ಲ, ಆಚಾರ್ರೂ ನಿಲ್ಲಿಸಲಿಲ್ಲ. ನಾನು ತಿರುಗಿ ನೋಡುವಷ್ಟರಲ್ಲಿ ಟ್ರೈಲರು ಆಕಾಶ ನೋಡುತ್ತಿತ್ತು. ಪಟೇಲರು ಮೊಣಕಾಲುದ್ದ ಗೊಬ್ಬರದಲ್ಲಿ ಈಗತಾನೇ ನೆಟ್ಟ ಸಸಿಯಂತೆ ನಿಂತಿದ್ದರು.

"ಕಣ್ ಕಾಣಲ್ವೇನಯ್ಯಾ ನಿಂಗೆ?"

ಆಚಾರ್ರು ಇಳಿದು ಬಂದು ಕೈಮುಗಿದರು. "ಬೈಯೋದು ಆಮೇಲ್ ಬೈಯ್ರಿ ಪಟೇಲ್ರೇ. ಎತ್ತಿತೋ ಇಲ್ವೋ, ಅದೊಂದ್ ಹೇಳಿ."

ಪಟೇಲರು ಒಂದು ಕಾಲು ಕಿತ್ತರು, ಇನ್ನೊಂದು ಕಾಲು ಕಿತ್ತರು. ನ್ಯಾಯ ಹೇಳುವ ಮನೆತನ; ಬೇರೆ ದಾರಿಯಿರಲಿಲ್ಲ. "ಎತ್ತಿತು ಕಣಯ್ಯ. ಹಾಳಾಗ್ ಹೋಗ್ಲಿ, ಎತ್ತಿತು."

ಆಮೇಲೆ ನಾನು ಸಿಡುಕಿದೆ: "ಎತ್ತು ಅಡ್ಡ ಬಂತು ಅಂತ ಕೂಗಿದ್ರೆ ನೀವು ಹೀಗಾ ಮಾಡೋದು?"

"ಹಂಗಾದ್ರೆ 'ಎದ್ದು' ಅನ್ಬೇಕಿತ್ತು ಸ್ವಾಮಿ. ತೆಲುಗ್ನಲ್ಲಿ ಅದು ಎದ್ದು. ಎತ್ತು ಅಂದ್ರೆ ಎತ್ತೋದೇ."

"ನಿಮಗೆ ಕನ್ನಡ ಬರಲ್ವೇ?"

"ಕೈ ಕಬ್ಬಿಣದ್ ಮೇಲಿತ್ತಲ್ಲ," ಎಂದರು ಗಂಭೀರವಾಗಿ. "ಆವಾಗ ಬರಲ್ಲ."

ಆ ಟ್ರೈಲರು ಏಳೆಂಟು ವರ್ಷ ನನ್ನ ಗೊಬ್ಬರ ಹೊತ್ತಿತು. ಚಪ್ಪಲಿಯ ವಾಷರು ಕೊನೆಯವರೆಗೂ ಸವೆಯಲಿಲ್ಲ. ಆಚಾರ್ರು ಹಿಂದೂಪುರದ ರೈಲು ಹತ್ತಲೂ ಇಲ್ಲ. ಒಂದು ಬೆಳಿಗ್ಗೆ ಕುಲುಮೆಯ ಬಾಗಿಲಲ್ಲಿ ಕುಳಿತವರು ಕುಳಿತಂತೆಯೇ ಹೋಗಿಬಿಟ್ಟರು. ಆ ರೈಲಿನಲ್ಲಿ ಅಳಿಯನೇ ಬರಬೇಕಾಯಿತು.

ನಾನೂ ಪಟೇಲರೂ ಹೋಗಿದ್ದೆವು. ಪಟೇಲರಿಗೆ ಆಗ ಕಣ್ಣು ಮಂಜು, ಮೈಮೇಲೆ ಅದೇ ಬಿಳಿ ಇಸ್ತ್ರಿ ಪಂಚೆ. ಮಂದಿಯ ನಡುವೆ ಚಟ್ಟದ ಕಾಲ್ದೆಸೆಯಲ್ಲಿ ನಿಂತು ಮೆಲ್ಲಗೆ ಕಣ್ಣೊರೆಸಿಕೊಳ್ಳುತ್ತಿದ್ದರು. ಹೊರುವವರು ಬಗ್ಗಿದರು. ಅಳಿಯ ಬಿಕ್ಕುತ್ತ ತೆಲುಗಿನಲ್ಲೇ ಹೇಳಿದ: "ಎತ್ತಂಡಿ."

ಪಟೇಲರು ಪಂಚೆ ಮೇಲಕ್ಕೆ ಹಿಡಿದುಕೊಂಡು ಎರಡು ಹೆಜ್ಜೆ ಹಿಂದಕ್ಕೆ ಸರಿದರು.